ಗೊಬ್ಬರದ ಡ್ರಮ್ಮು ಕೆಟ್ಟಿತೇ? ಏನಾದರೂ ಸುರಿಯುವ ಮೊದಲು ಹಿಂಡಿ ನೋಡಿ

ನಾವು ಹನ್ನೊಂದು ಮನೆಯವರು ಸೇರಿ ಹಸಿಕಸಕ್ಕೆ ಎರಡು ದೊಡ್ಡ ಡ್ರಮ್ಮು ಇಟ್ಟುಕೊಂಡಿದ್ದೇವೆ. ಒಂದು ತುಂಬುವಾಗ ಇನ್ನೊಂದು ಮಾಗುತ್ತಿರುತ್ತದೆ. ಮೊದಲ ಮೂರು ತಿಂಗಳು ಯಾವ ತಕರಾರೂ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಹತ್ತಿರ ನಿಲ್ಲಲು ಆಗದಷ್ಟು ನಾತ. ಒಬ್ಬರು ಸುಣ್ಣ ಹಾಕಿ ಅಂದರು. ಇನ್ನೊಬ್ಬರು ಫಿನಾಯಿಲ್ ಅಂದರು. ಮತ್ತೊಬ್ಬರು ಪ್ಯಾಕೆಟ್‌ನಲ್ಲಿ ಸಿಗುವ ಸೂಕ್ಷ್ಮಜೀವಿಗಳ ಪುಡಿ ತಂದುಕೊಟ್ಟರು. ಒಂದೇ ವಾರದಲ್ಲಿ ಮೂರೂ ಒಳಗೆ ಹೋದವು. ಸುಣ್ಣ ಬಿದ್ದ ಮೇಲೆ ಕಣ್ಣು ಉರಿಯುವಂಥ ಘಾಟು ಶುರುವಾಯಿತು. ಫಿನಾಯಿಲ್ ಬಿದ್ದ ಕಡೆ ಕೊಳೆಯುವ ಕೆಲಸವೇ ನಿಂತುಹೋಯಿತು.

ಕೊನೆಗೆ ಡ್ರಮ್ಮು ಖಾಲಿ ಮಾಡಿದಾಗ ನಿಜ ಗೊತ್ತಾಯಿತು. ತಳದ ತೂತುಗಳ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಕೊಂಡಿತ್ತು. ನೀರು ಕೆಳಗೆ ಇಳಿಯಲು ದಾರಿ ಇರಲಿಲ್ಲ, ಗಾಳಿ ಒಳಗೆ ಬರಲೂ ದಾರಿ ಇರಲಿಲ್ಲ. ಮೊದಲ ದಿನವೇ ಒಂದು ಕೋಲಿನಿಂದ ತಳ ಕೆದಕಿ ನೋಡಿದ್ದರೆ ಸಾಕಿತ್ತು.

ಅಂದಿನಿಂದ ನಾನು ದೋಷ ಹುಡುಕುವ ಕ್ರಮವನ್ನೇ ಬದಲಿಸಿಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಮನೆಯ ಚಿಕ್ಕ ಡಬ್ಬಿಗೂ ಇದು ನಡೆಯುತ್ತದೆ, ಹಲವು ಮನೆಗಳ ಡ್ರಮ್ಮಿಗೂ ನಡೆಯುತ್ತದೆ.

ಮೊದಲ ಹತ್ತು ನಿಮಿಷ: ಬರೀ ನೋಡಿ

ಮುಚ್ಚಳ ತೆಗೆದ ತಕ್ಷಣ ಬರುವ ವಾಸನೆಯನ್ನು ಗಮನಿಸಿ. ಒಂದು ನಿಮಿಷ ಬಿಟ್ಟರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ, ಆಮೇಲೆ ವ್ಯತ್ಯಾಸ ತಿಳಿಯುವುದಿಲ್ಲ.

ಆಮೇಲೆ ಕೈಗವಸು ಹಾಕಿಕೊಂಡು, ಮೇಲಿನ ಪದರ ಸರಿಸಿ, ನಡುಭಾಗದಿಂದ ಒಂದು ಹಿಡಿ ತೆಗೆಯಿರಿ. ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಮಾತ್ರ ಬಂದರೆ ತೇವ ಸರಿಯಾಗಿದೆ. ನೀರು ಧಾರೆಯಾಗಿ ಸುರಿದರೆ ಜಾಸ್ತಿ. ಹನಿಯೂ ಬಾರದೆ, ಕೈ ಬಿಟ್ಟಾಗ ಪುಡಿಪುಡಿಯಾಗಿ ಉದುರಿದರೆ ಕಡಿಮೆ. ಗೊಬ್ಬರಕ್ಕೆ ಬೇಕಾದ ತೇವ ಸುಮಾರು 50ರಿಂದ 60 ಶೇಕಡಾ. ಅದನ್ನು ಅಳೆಯಲು ಉಪಕರಣ ಬೇಡ, ಈ ಹಿಂಡುವಿಕೆಯೇ ಸಾಕು.

ಮೂರನೆಯದು, ಒಂದು ಉದ್ದನೆಯ ಕಬ್ಬಿಣದ ಸಲಾಕೆ. ಅದನ್ನು ತಳದವರೆಗೆ ಚುಚ್ಚಿ ಐದು ನಿಮಿಷ ಬಿಡಿ. ಹೊರಗೆ ತೆಗೆದಾಗ ನಡುಭಾಗ ಬೆಚ್ಚಗಿದೆಯೇ ಮುಟ್ಟಿ ನೋಡಿ. ತುದಿಯನ್ನು ಮೂಸಿ ನೋಡಿ. ಮೇಲೆ ಎಲ್ಲ ಚೆನ್ನಾಗಿದ್ದು ತಳ ಮಾತ್ರ ಕೊಳೆತಿರುವುದು ತುಂಬ ಸಾಮಾನ್ಯ. ಸಲಾಕೆ ಇಲ್ಲದಿದ್ದರೆ ಅದು ಗೊತ್ತೇ ಆಗುವುದಿಲ್ಲ. ಕೊನೆಗೆ ತಳದ ತೂತು, ಪಕ್ಕದ ತೂತು ಎರಡನ್ನೂ ಪರೀಕ್ಷಿಸಿ.

ಇಷ್ಟಾದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಕಳೆದ ಎರಡು ವಾರದಲ್ಲಿ ಏನು ಬದಲಾಯಿತು? ಮಳೆ ಶುರುವಾಯಿತೇ, ಒಣ ಎಲೆ ಮುಗಿಯಿತೇ, ಯಾರ ಮನೆಗಾದರೂ ನೆಂಟರು ಬಂದು ಅಡುಗೆ ಜಾಸ್ತಿ ಉಳಿಯಿತೇ? ದೋಷದ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಒಂದು ನಿಯಮವನ್ನು ಮಾತ್ರ ನಾನು ಯಾವತ್ತೂ ಮುರಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಮೂರು ದಿನ ಕಾಯುವುದು. ಒಟ್ಟಿಗೆ ನಾಲ್ಕು ಉಪಾಯ ಮಾಡಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ತಿಳಿಯುವುದೇ ಇಲ್ಲ.

ವಾಸನೆ: ಮೂರು ಬಗೆ, ಮೂರು ಕಾರಣ

"ನಾರುತ್ತಿದೆ" ಅಂದರೆ ಸಾಲದು. ಹೇಗೆ ನಾರುತ್ತಿದೆ ಅನ್ನುವುದು ಮುಖ್ಯ.

ಕೊಳೆತ ಮೊಟ್ಟೆಯ ಅಥವಾ ಚರಂಡಿಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ ಎಂದು ಅರ್ಥ. ಕಸವನ್ನು ಗೊಬ್ಬರ ಮಾಡುವ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ನೀರು ಜಾಸ್ತಿಯಾದಾಗ ಕಸದ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಳ್ಳುತ್ತದೆ. ಆಗ ಆಮ್ಲಜನಕ ಇಲ್ಲದೆ ಬದುಕುವ ಇನ್ನೊಂದು ಗುಂಪು ಮೇಲುಗೈ ಪಡೆಯುತ್ತದೆ. ಅವು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಆ ನಾತ ಅದರದ್ದೇ. ಹಿಂಡಿದಾಗ ನೀರು ಸುರಿದಿದ್ದರೆ ಕಾರಣ ಖಚಿತವಾಯಿತು. ಎಲ್ಲವನ್ನೂ ಹೊರಗೆ ಸುರಿದು, ಚೂರು ಮಾಡಿದ ರಟ್ಟು ಮತ್ತು ಒಣ ಎಲೆ ಕಲಸಿ, ಮತ್ತೆ ತುಂಬಿ. ಸಣ್ಣ ಕಡ್ಡಿಗಳನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಎಲೆ ನೆನೆದು ಒಂದಕ್ಕೊಂದು ಅಂಟಿಕೊಂಡರೂ ಕಡ್ಡಿ ಸಂದು ಉಳಿಸಿಕೊಡುತ್ತದೆ. ಈ ಬಗೆಯ ನಾತ ಸಾಮಾನ್ಯವಾಗಿ ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ.

ಹಿಂಡಿದಾಗ ತೇವ ಸರಿಯಾಗಿದ್ದೂ ಅದೇ ವಾಸನೆ ಬಂದರೆ? ಆಗ ಎಲ್ಲೋ ಒಂದು ಕಡೆ ಹೆಪ್ಪುಗಟ್ಟಿದೆ. ಹುಲ್ಲು ಕತ್ತರಿಸಿ ಒಂದೇ ಸಲ ರಾಶಿ ಹಾಕಿದ್ದರೆ ಅದು ಚಾಪೆಯ ಹಾಗೆ ಅಂಟಿಕೊಳ್ಳುತ್ತದೆ. ಉಳಿದ ಅಡುಗೆಯನ್ನು ಒಂದೇ ಜಾಗಕ್ಕೆ ಸುರಿದಿದ್ದರೆ ಉಂಡೆ ಕಟ್ಟುತ್ತದೆ. ಅದನ್ನು ಹುಡುಕಿ, ಕೈಯಿಂದ ಬಿಡಿಸಿ, ಒಣ ಎಲೆಯ ಜೊತೆ ಕಲಸಬೇಕು. ಇಲ್ಲಿ ಬರೀ ಮೇಲಿಂದ ಎಲೆ ಉದುರಿಸಿದರೆ ಏನೂ ಆಗುವುದಿಲ್ಲ.

ಎರಡನೆಯದು ಅಮೋನಿಯಾ ಘಾಟು. ಮೂಗಿಗಿಂತ ಮೊದಲು ಕಣ್ಣಿಗೆ ತಿಳಿಯುತ್ತದೆ. ಸಾರಜನಕ ಜಾಸ್ತಿಯಾಗಿದೆ, ಇಂಗಾಲ ಕಡಿಮೆಯಾಗಿದೆ ಎನ್ನುವುದರ ಗುರುತು ಇದು. ಗೊಬ್ಬರ ಚೆನ್ನಾಗಿ ಆಗಲು ಶುರುವಿನಲ್ಲಿ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇರಬೇಕು. ತರಕಾರಿ ಸಿಪ್ಪೆಯಲ್ಲಿ ಅದು 15ರಿಂದ 20ರ ಹತ್ತಿರ ಮಾತ್ರ. ಒಣ ಎಲೆಯಲ್ಲಿ 40ರಿಂದ 80. ಮರದ ಹೊಟ್ಟಿನಲ್ಲಿ 200ಕ್ಕೂ ಜಾಸ್ತಿ. ಅಂದರೆ ಸಿಪ್ಪೆ ಒಂದನ್ನೇ ಹಾಕುತ್ತಾ ಹೋದರೆ ಲೆಕ್ಕ ಯಾವತ್ತೂ ಸರಿಹೋಗುವುದಿಲ್ಲ. ಈ ಅಂಕಿಗಳನ್ನು ನೆನಪಿಟ್ಟುಕೊಳ್ಳುವುದು ಕಷ್ಟ, ಅಲ್ವಾ? ಒಂದು ಬಕೆಟ್ ಹಸಿಕಸಕ್ಕೆ ಒಂದರಿಂದ ಎರಡು ಬಕೆಟ್ ಒಣ ಎಲೆ ಅಂತ ಇಟ್ಟುಕೊಳ್ಳಿ, ದಿನದ ಕೆಲಸಕ್ಕೆ ಅಷ್ಟು ಸಾಕು.

ಅಮೋನಿಯಾ ಇದ್ದಾಗ ಸುಣ್ಣವನ್ನಾಗಲಿ ಬೂದಿಯನ್ನಾಗಲಿ ದಯವಿಟ್ಟು ಹಾಕಬೇಡಿ. ಅವೆರಡೂ ಕ್ಷಾರ. ಕ್ಷಾರ ಜಾಸ್ತಿಯಾದಷ್ಟೂ ಅಮೋನಿಯಾ ಅನಿಲವಾಗಿ ಹೊರಬರುತ್ತದೆ. ನಮ್ಮ ಡ್ರಮ್ಮಿನಲ್ಲಿ ಕಣ್ಣು ಉರಿದದ್ದು ಅದಕ್ಕೇ. ಹಾಗೆ ಹೋಗುವುದು ಬರೀ ವಾಸನೆಯಲ್ಲ, ಗಿಡಕ್ಕೆ ಸಿಗಬೇಕಾಗಿದ್ದ ಸಾರಜನಕವೂ ಹೋಗುತ್ತದೆ.

ಹುಳಿ ವಾಸನೆ ಅಷ್ಟು ಗಾಬರಿಯ ವಿಷಯವಲ್ಲ. ಹೊಸದಾಗಿ ತುಂಬಿದ ಡ್ರಮ್ಮಿನಲ್ಲಿ ಮೊದಲ ಕೆಲವು ದಿನ ಆಮ್ಲಗಳು ಹುಟ್ಟುವುದು ಸಹಜ. ಒಂದು ವಾರ ದಾಟಿದರೂ ಹೋಗದಿದ್ದರೆ ಮಗುಚಿ ಗಾಳಿ ಕೊಡಿ.

ಸರಿಯಾದ ಗೊಬ್ಬರಕ್ಕೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ. ಆ ಘಮಕ್ಕೆ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಮಣ್ಣಿನಲ್ಲಿರುವ ಆಕ್ಟಿನೋಮೈಸೀಟ್ ಎಂಬ ಜೀವಿಗಳು ಅದನ್ನು ತಯಾರಿಸುತ್ತವೆ. ಕಸದ ಮೇಲೆ ಬೂದಿ ಚೆಲ್ಲಿದ ಹಾಗೆ ಕಾಣುವ ಬಿಳಿ ಎಳೆಗಳು ಹಲವು ಸಲ ಅವೇ. ಬೂಷ್ಟು ಹಿಡಿಯಿತು ಅಂತ ಎಷ್ಟೋ ಜನ ಒಳ್ಳೆಯ ಗೊಬ್ಬರವನ್ನು ಎಸೆದುಬಿಡುತ್ತಾರೆ. ಎಸೆಯಬೇಡಿ.

ಹುಳ ಕಂಡರೆ

ಇಲ್ಲಿ ಗುರುತು ಹಿಡಿಯುವುದೇ ಅರ್ಧ ಕೆಲಸ.

ಚಪ್ಪಟೆಯಾದ, ಬೂದು ಅಥವಾ ಕಂದು ಬಣ್ಣದ, ಮೈಮೇಲೆ ಪಟ್ಟಿಪಟ್ಟಿ ಇರುವ, ಸುಮಾರು ಎರಡು ಸೆಂಟಿಮೀಟರ್ ಉದ್ದದ ಹುಳಗಳು ರಾಶಿ ರಾಶಿ ಕಂಡರೆ ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ನೋಡಲು ಅಸಹ್ಯ ಅನ್ನಿಸಬಹುದು, ಆದರೆ ಇವುಗಳಷ್ಟು ಚುರುಕಾಗಿ ಹಸಿಕಸ ತಿನ್ನುವವರು ಬೇರೆ ಇಲ್ಲ. ದೊಡ್ಡದಾದ ನೊಣ ಕಚ್ಚುವುದಿಲ್ಲ, ನಮ್ಮ ಊಟದ ಮೇಲೆ ಬಂದು ಕೂರುವ ಅಭ್ಯಾಸವೂ ಅದಕ್ಕಿಲ್ಲ. ಇವು ದೋಷವೇ ಅಲ್ಲ. ನೋಡಲು ಕಷ್ಟವಾದರೆ ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆ ಹೊದಿಸಿ.

ಬಿಳಿ, ನುಣುಪು, ಒಂದು ತುದಿ ಚೂಪಾಗಿರುವ ಹುಳ ಇದ್ದರೆ ಅದು ಮನೆನೊಣದ್ದು. ಇದು ನಿಜವಾದ ಎಚ್ಚರಿಕೆ. ಹಸಿಕಸ ಮುಚ್ಚದೆ ಉಳಿದಿದೆ, ಅಥವಾ ಮಾಂಸ, ಮೀನು, ಹಾಲಿನ ಪದಾರ್ಥ ಒಳಗೆ ಬಿದ್ದಿದೆ. ಮೇಲಿನ ಪದರವನ್ನು ನಡುವಿನ ಬಿಸಿ ಭಾಗಕ್ಕೆ ಮಗುಚಿ, ಮೇಲೆ ದಪ್ಪಗೆ ಒಣ ಎಲೆ ಹಾಕಿ. ತೂತುಗಳಿಗೆ ಸಣ್ಣ ಜಾಲರಿ ಕಟ್ಟಿ. ಇಲಿ ಬರುವುದೂ ಇದೇ ಕಾರಣಕ್ಕೆ. ಅದಕ್ಕೆ ಬಟ್ಟೆಯ ಜಾಲರಿ ಸಾಲದು, ಕಣ್ಣು ಚಿಕ್ಕದಿರುವ ತಂತಿಯ ಬಲೆಯೇ ಬೇಕು.

ಮುಚ್ಚಳ ತೆಗೆದಾಗ ಮುಖಕ್ಕೆ ಹಾರುವ ಸಣ್ಣ ಹಣ್ಣಿನ ನೊಣಗಳು ಅಪಾಯಕಾರಿಯಲ್ಲ, ಆದರೆ ಕಿರಿಕಿರಿ. ಹಣ್ಣಿನ ಸಿಪ್ಪೆಯ ಮೇಲೆ ಮೊಟ್ಟೆಗಳು ಅಡುಗೆಮನೆಯಿಂದಲೇ ಬಂದಿರುತ್ತವೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ನೊಣವಾಗಲು ಹತ್ತು ದಿನ ಸಾಕು. ಆದ್ದರಿಂದ ಇಂದು ಮುಚ್ಚಲು ಶುರುಮಾಡಿದರೆ ಫಲ ಕಾಣಲು ಎರಡು ವಾರ ಬೇಕು. ಮೂರನೇ ದಿನಕ್ಕೇ ಬೇಸತ್ತು ಕೀಟನಾಶಕ ಹೊಡೆಯಬೇಡಿ.

ಇರುವೆ ಸಾಲು ಹಿಡಿದಿದ್ದರೆ ಡ್ರಮ್ಮು ಒಣಗಿದೆ. ನೀರು ಚಿಮುಕಿಸಿ ಮಗುಚಿ, ಅಷ್ಟೇ.

ತಿಂಗಳಾದರೂ ಹಾಗೇ ಇದೆ

ವಾಸನೆ ಇಲ್ಲ, ಹುಳ ಇಲ್ಲ, ಎಲೆ ಎಲೆಯಾಗಿಯೇ ಉಳಿದಿದೆ. ಇಂಥ ದೋಷ ಸದ್ದಿಲ್ಲದೆ ಕೂತಿರುತ್ತದೆ. ಯಾರೂ ದೂರು ಕೊಡುವುದಿಲ್ಲ. ಇಲ್ಲಿ ನಾನು ಈ ಸಾಲಿನಲ್ಲಿ ನೋಡುತ್ತಾ ಹೋಗುತ್ತೇನೆ.

ಹಿಂಡಿದರೆ ಒಣಗಿದೆಯೇ? ನೀರು ಕೊಡಿ, ಆದರೆ ಮೇಲಿಂದ ಒಂದೇ ಸಲ ಸುರಿಯಬೇಡಿ. ಒಣಗಿದ ಎಲೆ ನೀರನ್ನು ಪಕ್ಕಕ್ಕೆ ಜಾರಿಸಿಬಿಡುತ್ತದೆ, ನೀರು ತಳ ಸೇರುತ್ತದೆ, ನಡುಭಾಗ ಹಾಗೇ ಒಣಗಿರುತ್ತದೆ. ಮಗುಚುತ್ತಾ ಸ್ವಲ್ಪ ಸ್ವಲ್ಪವೇ ಚಿಮುಕಿಸಬೇಕು.

ತೇವ ಸರಿಯಿದ್ದೂ ಸಲಾಕೆ ತಣ್ಣಗಿದೆಯೇ? ಹಾಗಾದರೆ ಒಣ ಪದಾರ್ಥ ಜಾಸ್ತಿಯಾಗಿದೆ, ಸಾರಜನಕ ಸಾಲುತ್ತಿಲ್ಲ. ಹಸಿ ಸಿಪ್ಪೆ, ಹಸಿ ಹುಲ್ಲು, ಸಗಣಿ ಇವುಗಳಲ್ಲಿ ಒಂದನ್ನು ಸೇರಿಸಿ. ಎರಡು ಮೂರು ದಿನದಲ್ಲಿ ಸಲಾಕೆ ಬೆಚ್ಚಗಾದರೆ ನಿಮ್ಮ ಊಹೆ ಸರಿ.

ಆದರೂ ತಣ್ಣಗೇ ಇದ್ದರೆ ರಾಶಿಯ ಗಾತ್ರ ನೋಡಿ. ಬಿಸಿಯನ್ನು ಹಿಡಿದಿಟ್ಟುಕೊಳ್ಳಲು ಸುಮಾರು ಒಂದು ಮೀಟರ್ ಉದ್ದ, ಅಗಲ, ಎತ್ತರದ ರಾಶಿ ಬೇಕು. ಚಿಕ್ಕ ಡಬ್ಬಿ ಅಷ್ಟು ಬಿಸಿಯಾಗುವುದೇ ಇಲ್ಲ. ಅದು ತಪ್ಪಲ್ಲ, ನಿಧಾನವಾಗಿ ಗೊಬ್ಬರವಾಗುತ್ತದೆ. ಆದರೆ ಒಂದು ಎಚ್ಚರ ಇರಲಿ. ರೋಗಕಾರಕಗಳು, ಕಳೆಯ ಬೀಜಗಳು ಸಾಯಬೇಕಾದರೆ ರಾಶಿ ಕಡೇಪಕ್ಷ ಮೂರು ದಿನ 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇರಬೇಕು, ಹೊರಗಿನ ಭಾಗವೂ ಒಳಗೆ ಬರುವ ಹಾಗೆ ಮಗುಚಿರಬೇಕು. ಚಿಕ್ಕ ಡಬ್ಬಿಗೆ ರೋಗ ಬಂದ ಗಿಡ, ಬೀಜ ಕಟ್ಟಿದ ಕಳೆ ಹಾಕಬೇಡಿ. ನಾಯಿ ಬೆಕ್ಕುಗಳ ಮಲವನ್ನಂತೂ ಮನೆಯ ಯಾವ ಡ್ರಮ್ಮಿಗೂ ಹಾಕಬಾರದು.

ಎಲ್ಲ ಸರಿಯಿದ್ದು, ಕಪ್ಪಗಾಗಿ, ಮಣ್ಣಿನ ವಾಸನೆ ಬಂದು, ತಣ್ಣಗಿದ್ದರೆ ಅಲ್ಲಿ ದೋಷವೇ ಇಲ್ಲ. ಗೊಬ್ಬರ ಆಗಿದೆ.

ಕೆಳಗೆ ಇಳಿಯುವ ಕಂದು ನೀರು

ದಿನಕ್ಕೆ ಒಂದಿಷ್ಟು ಹನಿ ಸಹಜ. ಲೋಟಗಟ್ಟಲೆ ಬಂದರೆ ಒಣ ಪದಾರ್ಥ ಸಾಲುತ್ತಿಲ್ಲ, ಇಲ್ಲವೇ ಮಳೆನೀರು ಒಳಗೆ ಬರುತ್ತಿದೆ. ಈ ನೀರನ್ನು ಹಾಗೇ ಸೊಪ್ಪಿನ ಗಿಡಕ್ಕೆ ಹಾಕಬೇಡಿ, ಅದರಲ್ಲಿ ಇನ್ನೂ ರೋಗಾಣುಗಳು ಇರಬಹುದು. ಒಣ ಎಲೆಯ ರಾಶಿಗೆ ಹೊಯ್ದು, ಆ ಎಲೆಯನ್ನೇ ಮತ್ತೆ ಡ್ರಮ್ಮಿಗೆ ಹಾಕಿ.

ಗೊಬ್ಬರ ಹಾಕಿದ ಮೇಲೆ ಗಿಡ ಹಳದಿಯಾಯಿತು

ಬಹುಪಾಲು ಸಲ ಕಾರಣ ಒಂದೇ, ಗೊಬ್ಬರ ಇನ್ನೂ ಮಾಗಿರುವುದಿಲ್ಲ. ಮಾಗದ ಗೊಬ್ಬರ ಮಣ್ಣಿಗೆ ಬಿದ್ದರೆ ಕೊಳೆಯುವ ಕೆಲಸ ಅಲ್ಲಿ ಮುಂದುವರಿಯುತ್ತದೆ. ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಎಳೆದುಕೊಳ್ಳುತ್ತವೆ, ಗಿಡಕ್ಕೆ ಉಳಿಯುವುದಿಲ್ಲ. ಪರೀಕ್ಷೆ ಸುಲಭ. ಒಂದು ಹಿಡಿ ತೇವದ ಗೊಬ್ಬರವನ್ನು ಗಾಳಿಯಾಡದ ಚೀಲದಲ್ಲಿ ಮೂರು ದಿನ ಇಡಿ. ತೆರೆದಾಗ ಮಣ್ಣಿನ ವಾಸನೆಯೇ ಬಂದರೆ ಮಾಗಿದೆ. ನಾತ ಬಂದರೆ ಇನ್ನೂ ಕೆಲವು ವಾರ ಬಿಡಿ.

ಹಳದಿಯಾಗುವ ಬದಲು ಎಲೆ ಸುರುಳಿ ಸುತ್ತಿಕೊಂಡು, ತಿರುಚಿಕೊಂಡು ಬೆಳೆಯುತ್ತಿದ್ದರೆ ಕಾರಣ ಬೇರೆ ಇರಬಹುದು. ಕ್ಲೋಪಿರಾಲಿಡ್, ಅಮಿನೋಪಿರಾಲಿಡ್ ಎಂಬ ಕಳೆನಾಶಕಗಳು ಹುಲ್ಲಿನ ಮೂಲಕ ಹಸುವಿನ ಹೊಟ್ಟೆ ದಾಟಿ, ಸಗಣಿಯಲ್ಲಿ ಬಂದು, ಗೊಬ್ಬರವಾದ ಮೇಲೂ ಉಳಿಯಬಲ್ಲವು. ಹೊರಗಿನ ಹುಲ್ಲು ಅಥವಾ ಸಗಣಿ ತಂದು ಹಾಕುವವರು ಗೊಬ್ಬರ ಬೆರೆಸಿದ ಕುಂಡದಲ್ಲಿ ನಾಲ್ಕು ಬೀನ್ಸ್ ಬೀಜ, ಬರೀ ಮಣ್ಣಿನ ಕುಂಡದಲ್ಲಿ ನಾಲ್ಕು ಬೀಜ ಬಿತ್ತಿ ಹೋಲಿಸಿ ನೋಡಬೇಕು. ಮೂರು ವಾರದ ಕೆಲಸ, ಆದರೆ ಇಡೀ ತೋಟ ಉಳಿಯುತ್ತದೆ.

ಡ್ರಮ್ಮಿನಲ್ಲಿ ಪ್ಲಾಸ್ಟಿಕ್ ಚೂರು ಸಿಗುತ್ತಿದೆ

ಹಲವು ಮನೆಗಳ ಡ್ರಮ್ಮಿನಲ್ಲಿ ಇದೇ ದೊಡ್ಡ ತಲೆನೋವು. ನನ್ನ ಅನುಭವದಲ್ಲಿ ಡ್ರಮ್ಮಿನ ಮುಂದೆ ನಿಂತು ಹುಡುಕುವ ದೋಷಗಳಲ್ಲಿ ಅರ್ಧಕ್ಕರ್ಧ ಅಡುಗೆಮನೆಯಲ್ಲೇ ಹುಟ್ಟಿರುತ್ತವೆ. ಯಾರ ಮನೆಯದು ಅಂತ ಕೇಳಿದರೆ ಜಗಳವಾಗುತ್ತದೆ, ಉತ್ತರ ಸಿಗುವುದಿಲ್ಲ. ಏನು ಬೀಳುತ್ತಿದೆ ಅಂತ ಹುಡುಕಿ. ಒಂದು ವಾರ ಪ್ರತಿದಿನ ಒಂದು ಬಕೆಟ್ ಕಸವನ್ನು ಹಳೆಯ ಶೀಟಿನ ಮೇಲೆ ಹರಡಿ, ಸೇರಬಾರದ್ದನ್ನು ಬೇರೆ ಮಾಡಿ, ಪಟ್ಟಿ ಬರೆಯಿರಿ.

ನಮ್ಮ ಪಟ್ಟಿಯಲ್ಲಿ ಮೇಲೆ ಇದ್ದದ್ದು ಹಣ್ಣಿನ ಮೇಲಿನ ಸ್ಟಿಕ್ಕರು. ಆಮೇಲೆ ಟೀ ಬ್ಯಾಗು. ಕಾಗದದ ಹಾಗೆ ಕಂಡರೂ ಹಲವು ಟೀ ಬ್ಯಾಗುಗಳಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ. ಮೂರನೆಯದು ಹಸಿರು ಬಣ್ಣದ "ಕರಗುವ" ಚೀಲ. ಅದನ್ನು ಹಾಕುತ್ತಿದ್ದವರು ನಮ್ಮಲ್ಲಿ ಎಲ್ಲರಿಗಿಂತ ಮುತುವರ್ಜಿಯಿಂದ ಕಸ ಬೇರೆ ಮಾಡುವ ಅಜ್ಜಿ. "ಗೊಬ್ಬರ ಆಗತ್ತೆ ಅಂತ ಚೀಲದ ಮೇಲೇ ಬರೆದಿದೆಯಲ್ಲಮ್ಮ" ಅಂದರು. ಅವರ ತಪ್ಪಿಲ್ಲ. ಬರೆದಿದ್ದು ಸುಳ್ಳೂ ಅಲ್ಲ. ಅಂಥ ಎಷ್ಟೋ ಚೀಲಗಳು ದೊಡ್ಡ ಘಟಕಗಳಲ್ಲಿ, 60 ಡಿಗ್ರಿಯ ಹತ್ತಿರದ ಬಿಸಿ ವಾರಗಟ್ಟಲೆ ಇದ್ದಾಗ ಮಾತ್ರ ಕರಗುತ್ತವೆ. ಮನೆಯ ಡ್ರಮ್ಮಿನಲ್ಲಿ ಆ ಬಿಸಿ ನಿಲ್ಲುವುದಿಲ್ಲ. ಇದನ್ನು ಹೇಳಿದ ಮೇಲೆ ಅಜ್ಜಿ ಡಬ್ಬಿಯ ತಳಕ್ಕೆ ಹಳೆಯ ಪೇಪರ್ ಹಾಸಲು ಶುರುಮಾಡಿದರು. ಈಗ ಉಳಿದ ಮನೆಗಳೂ ಅದನ್ನೇ ಮಾಡುತ್ತವೆ.

ಸಿಕ್ಕ ಪಟ್ಟಿಯನ್ನು ಮನೆಯ ಹೆಸರಿಲ್ಲದೆ, ವಸ್ತುಗಳ ಹೆಸರಿನೊಂದಿಗೆ ಡ್ರಮ್ಮಿನ ಮುಚ್ಚಳದ ಮೇಲೆ ಅಂಟಿಸಿ. ಬರೀ ಪದಗಳಿಗಿಂತ ನಿಜವಾದ ಸ್ಟಿಕ್ಕರನ್ನೇ, ಟೀ ಬ್ಯಾಗನ್ನೇ ಅಂಟಿಸಿದರೆ ಮಕ್ಕಳಿಗೂ ತಿಳಿಯುತ್ತದೆ.

ಒಣಕಸ ವಾಪಸ್ ಬಂತು

ಕಸ ಒಯ್ಯುವವರು ಒಣಕಸವನ್ನು ಬೇಡವೆಂದು ಬಿಟ್ಟುಹೋದರೆ ಮೊದಲು ಇವನ್ನು ನೋಡಿ: ಒದ್ದೆ, ಎಣ್ಣೆ, ಅನ್ನಸಾರಿನ ಜಿಡ್ಡು. ಮುಕ್ಕಾಲು ಪಾಲು ಇದೇ ಕಾರಣ. ಒಂದು ಡಬ್ಬಿಯಲ್ಲಿ ಉಳಿದ ನೀರು ಚೀಲದಲ್ಲಿದ್ದ ಕಾಗದವನ್ನೆಲ್ಲ ಕೆಡಿಸುತ್ತದೆ. ತೊಳೆದು, ಕವುಚಿ, ಒಣಗಿಸಿ ಹಾಕಿ. ಎಣ್ಣೆ ಹಿಡಿದ ರಟ್ಟನ್ನು ಕಾಗದದ ಜೊತೆ ಹಾಕಬೇಡಿ. ಪ್ಲಾಸ್ಟಿಕ್ ಮೇಲಿನ ತ್ರಿಕೋನ ಮತ್ತು 1ರಿಂದ 7ರವರೆಗಿನ ಅಂಕಿ ನೋಡಿ ಮರುಬಳಕೆ ಆಗುತ್ತದೆ ಅಂದುಕೊಳ್ಳುವುದು ಇನ್ನೊಂದು ತಪ್ಪು. 1988ರಲ್ಲಿ ಬಂದ ಆ ಗುರುತು ಯಾವ ಬಗೆಯ ಪ್ಲಾಸ್ಟಿಕ್ ಎಂದು ಮಾತ್ರ ಹೇಳುತ್ತದೆ. ನಿಮ್ಮ ಕಸ ಒಯ್ಯುವವರು ಯಾವ ಅಂಕಿ ತೆಗೆದುಕೊಳ್ಳುತ್ತಾರೆ ಅಂತ ಅವರನ್ನೇ ಕೇಳಿ.

ಎರಡು ವಸ್ತುಗಳ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಲಿಥಿಯಂ ಬ್ಯಾಟರಿ ಒಣಕಸಕ್ಕೂ ಬೇಡ, ಹಸಿಕಸಕ್ಕೂ ಬೇಡ. ವಾಹನದಲ್ಲಿ ಜಜ್ಜಿಹೋದರೆ ಬೆಂಕಿ ಹತ್ತಿಕೊಳ್ಳುತ್ತದೆ, ಅದರ ಪಕ್ಕದಲ್ಲಿ ನಿಂತಿರುವುದು ಕಸ ಎತ್ತುವ ಕೆಲಸಗಾರರು. ಎರಡೂ ತುದಿಗೆ ಟೇಪು ಸುತ್ತಿ ಬೇರೆ ಡಬ್ಬಿಯಲ್ಲಿಡಿ, ಇ-ಕಸ ತೆಗೆದುಕೊಳ್ಳುವವರಿಗೆ ಕೊಡಿ. ಸಿಎಫ್ಎಲ್ ಬಲ್ಬಿನಲ್ಲಿ ಕೆಲವೇ ಮಿಲಿಗ್ರಾಂ ಪಾದರಸ ಇರುತ್ತದೆ. ಒಡೆದರೆ ಕಿಟಕಿ ತೆರೆದು 10 ನಿಮಿಷ ಹೊರಗೆ ಹೋಗಿ. ಆಮೇಲೆ ಪೊರಕೆ ಬಳಸದೆ ಗಟ್ಟಿ ಕಾಗದದಿಂದ ಚೂರುಗಳನ್ನು ಎತ್ತಿ, ಸಣ್ಣ ಪುಡಿಯನ್ನು ಟೇಪಿಗೆ ಅಂಟಿಸಿ ತೆಗೆದು, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ.

ಯಾವುದೂ ನಡೆಯದಿದ್ದರೆ

ಎರಡು ಸಲ ಮಗುಚಿ, ಒಣ ಎಲೆ ಕಲಸಿ, ತೂತು ಬಿಡಿಸಿದ ಮೇಲೂ ಎರಡು ವಾರದಲ್ಲಿ ನಾತ ಇಳಿಯದಿದ್ದರೆ ಡ್ರಮ್ಮು ಖಾಲಿ ಮಾಡಿ ಹೊಸದಾಗಿ ಶುರುಮಾಡುವುದೇ ವಾಸಿ. ಹೊರತೆಗೆದದ್ದನ್ನು ಎಸೆಯಬೇಡಿ. ಮಳೆ ಬೀಳದ ಕಡೆ ತೆಳ್ಳಗೆ ಹರಡಿ ಎರಡು ದಿನ ಆರಲು ಬಿಡಿ, ಮೇಲೆ ಒಣ ಎಲೆ ಹೊದಿಸಿ. ಈ ಹೊತ್ತಿನಲ್ಲಿ ಡ್ರಮ್ಮನ್ನು ಬರೀ ನೀರಿನಿಂದ ತೊಳೆದು ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ತಳಕ್ಕೆ ಒಂದು ಗೇಣು ಕಡ್ಡಿ ಮತ್ತು ರಟ್ಟು, ಅದರ ಮೇಲೆ ಒಣ ಎಲೆ, ಆಮೇಲೆ ಪಕ್ಕದ ಡ್ರಮ್ಮಿನ ಮಾಗಿದ ಗೊಬ್ಬರ ಎರಡು ಬೊಗಸೆ. ಸೂಕ್ಷ್ಮಜೀವಿಗಳ ಪುಡಿಯ ಕೆಲಸವನ್ನು ಅದೇ ಮಾಡುತ್ತದೆ. ಆರಿದ ಹಳೆಯ ಕಸವನ್ನು ದಿನಕ್ಕೆ ಒಂದು ಬಕೆಟ್‌ನಂತೆ, ಪ್ರತಿ ಸಲ ಒಣ ಎಲೆ ಕಲಸಿ ಒಳಗೆ ಹಾಕುತ್ತಾ ಬನ್ನಿ. ನಾಲ್ಕನೇ ದಿನ ಸಲಾಕೆ ಚುಚ್ಚಿ ನೋಡಿ. ಬೆಚ್ಚಗಿದ್ದರೆ ಹೊಸ ಹಸಿಕಸ ತೆಗೆದುಕೊಳ್ಳಲು ಡ್ರಮ್ಮು ತಯಾರಾಗಿದೆ ಅಂತ ಮನೆಮನೆಗೆ ಹೇಳಿಬಿಡಿ.